ಕೇಶವ ಪಿಳ್ಳೆ ಕನ್ನಡದವರಾ?

ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ರಿಲೀಸ್ ಮೇಲೆ ರಿಲೀಸ್, ಶನಿವಾರ ಭಾನುವಾರವೂ ಲ್ಯಾಪ್‌ಟಾಪ್ ತೊಡೆ ಮೇಲೆ. ಬರೆಯದೆ ಇದ್ದದ್ದಕ್ಕೆ ಯಾರೂ ಬೈದಿಲ್ಲ ಅನ್ನೋದೇ ಸ್ವಲ್ಪ ಬೇಜಾರು :) ಇವತ್ತು ಬರೀತಿರೋದು ಸಿಟ್ಟು ಬಂದಿರೋದಕ್ಕೆ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮಾತು ಖಾರ ಆಯ್ತು ಅನ್ನಬೇಡಿ. ಬಳ್ಳಾರಿಯವನು, ಖಾರ ಇದ್ದೇ ಇರುತ್ತೆ.

ವಿಷಯ ಇಷ್ಟು. ಹೋದ ತಿಂಗಳು ಬೆಂಗಳೂರಿನಲ್ಲಿ ನಾವು ಐದಾರು ಜನ ಬ್ಲಾಗಿಗರು ಒಂದು ದರ್ಶಿನಿಯಲ್ಲಿ ಸೇರಿದ್ವಿ. ಯಾರು ಏನು ಬರೀತಿದ್ದೀರಿ ಅಂತ ಮಾತು ಬಂತು. ಒಬ್ಬರು ವೀರಗಲ್ಲುಗಳ ಹಿಂದೆ ಬಿದ್ದಿದ್ದಾರೆ, ಇನ್ನೊಬ್ಬರು ಹಕ್ಕಿಗಳ ಹಿಂದೆ. ನನ್ನ ಸರದಿ ಬಂದಾಗ "ಗುತ್ತಿ ಕೇಶವ ಪಿಳ್ಳೆ ಬಗ್ಗೆ ಬರೀಬೇಕು ಅಂತಿದೀನಿ" ಅಂದೆ. ವಯಸ್ಸಿನಲ್ಲೂ ಬರವಣಿಗೆಯಲ್ಲೂ ನನಗಿಂತ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು ಕೇಳಿದ್ರು: "ಪಿಳ್ಳೆ? ಅವರು ಕನ್ನಡದವರಾ?"

"ಅಲ್ಲ ಸರ್, ಮನೆಮಾತು ತಮಿಳು."

"ಗುತ್ತಿ ಈಗ ಆಂಧ್ರದಲ್ಲಿದೆಯಲ್ಲ?"

"ಹೌದು ಸರ್."

"ಮತ್ತೆ ನಮಗ್ಯಾಕೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಉತ್ತರ ಯಾವಾಗಲೂ ತಡವಾಗಿ ಹೊಳೆಯುತ್ತೆ ನೋಡಿ, ಈ ಪೋಸ್ಟು ಆ ತಡವಾದ ಉತ್ತರ.

ಆ ಪ್ರಶ್ನೆ ನನಗೆ ಯಾಕೆ ಚುಚ್ಚಿತು ಅನ್ನೋದನ್ನ ಮೊದಲು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ. ಕೌಲು ಅಂದ್ರೆ ಕರಾರು. ಪಕ್ಕದ ಕಂಟೋನ್ಮೆಂಟಿನ ಪಲ್ಟನ್‌ಗಳನ್ನು ನಂಬಿಕೊಂಡು ಬೆಳೆದ ಪೇಟೆ ಅದು. ಬಟ್ಟೆ, ಬೂಟು, ಸೊಪ್ಪು, ಮಾಂಸ ಮಾರೋಕೆ ಎಲ್ಲೆಲ್ಲಿಂದಲೋ ಬಂದವರು ಅಲ್ಲೇ ನಿಂತರು. ಈಗ ನಮ್ಮ ಓಣಿಯಲ್ಲಿ ಕಿವಿಗೆ ಬೀಳೋದು ಜೀನ್ಸ್ ಹೊಲಿಯೋ ಮಷೀನುಗಳ ಸದ್ದು. ಒಂದು ಮಷೀನಿನವನು ಉರ್ದು, ಪಕ್ಕದವನು ತೆಲುಗು, ಮೇಸ್ತ್ರಿ ಕನ್ನಡ, ಬೈಗುಳ ಮಾತ್ರ ಮೂರರದ್ದೂ ಕಲಬೆರಕೆ. ನಮ್ಮ ಮನೆಯಲ್ಲಿ ಕನ್ನಡ. ಅಜ್ಜಿಯ ತವರು ಆದವಾನಿ, ಹಾಗಾಗಿ ಆಕೆ ಸಿಟ್ಟು ಬಂದರೆ ತೆಲುಗು. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಪಕ್ಕದ ಕ್ಯೂಬಿಕಲ್‌ನ ಮೈಸೂರು ಕಡೆಯ ಹುಡುಗ ಕೇಳಿದ್ದ, "ಬಳ್ಳಾರಿನಾ? ಹಾಗಾದ್ರೆ ನೀವು ತೆಲುಗಿನವರಲ್ವಾ?" ಅಂತ. ಅಂದಿನಿಂದ ಇಂದಿನವರೆಗೆ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೀನೋ ಲೆಕ್ಕ ಇಟ್ಟಿಲ್ಲ. ಆದ್ದರಿಂದ "ಅವರು ಕನ್ನಡದವರಾ?" ಅಂತ ಯಾರು ಯಾರ ಬಗ್ಗೆ ಕೇಳಿದರೂ ನನ್ನನ್ನೇ ಕೇಳಿದ ಹಾಗಾಗುತ್ತೆ.

ಇರಲಿ, ಕೇಶವ ಪಿಳ್ಳೆಗೆ ಬರೋಣ.

1860ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡ ಮನುಷ್ಯ. ಗುತ್ತಿಯಲ್ಲಿ ಪ್ಲೀಡರ್. ದೊಡ್ಡ ಬ್ಯಾರಿಸ್ಟರ್ ಏನಲ್ಲ, ತಾಲ್ಲೂಕು ಊರಿನ ವಕೀಲ. ಜೊತೆಗೆ ಮದ್ರಾಸಿನ ‘ದಿ ಹಿಂದೂ’ ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದರು. ಆ ಪತ್ರಿಕೆ 1878ರಲ್ಲಿ ವಾರಪತ್ರಿಕೆಯಾಗಿ ಶುರುವಾಗಿ 1889ರಲ್ಲಿ ದಿನಪತ್ರಿಕೆ ಆಯಿತು. ರೈಲು, ಟಪಾಲು, ಒಂದು ಪೆನ್ನು, ಇಷ್ಟನ್ನೇ ನಂಬಿ ಮೂಲೆಯ ಊರಿನಿಂದ ಬರೆಯುತ್ತಿದ್ದ ಮನುಷ್ಯ. ನಮ್ಮ ಹಾಗೇ ಅನ್ನಿ, ಆದರೆ ಅವರು ಬರೆದದ್ದಕ್ಕೆ ಕಲೆಕ್ಟರ್‌ಗಳಿಗೆ ತಲೆನೋವು ಬರುತ್ತಿತ್ತು. ನಾವು ಬರೆದದ್ದಕ್ಕೆ ನಮಗೇ ಬರುತ್ತೆ, ಅಷ್ಟೇ ವ್ಯತ್ಯಾಸ.

1885ರ ಡಿಸೆಂಬರಿನಲ್ಲಿ ಮುಂಬಯಿಯ ಗೋಕುಲದಾಸ್ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಇಡೀ ದೇಶದಿಂದ ಹೋದ ಪ್ರತಿನಿಧಿಗಳು 72 ಜನ. ಅವರಲ್ಲಿ ಇಪ್ಪತ್ತೈದು ವರ್ಷದ ಈ ಗುತ್ತಿ ವಕೀಲ ಒಬ್ಬ. ಅದಕ್ಕೆ ಮೂರೇ ವರ್ಷ ಹಿಂದೆ, 1882ರಲ್ಲಿ, ಗುತ್ತಿ ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡಿತ್ತು. ಆ ವರ್ಷ ಬಳ್ಳಾರಿ ಜಿಲ್ಲೆಯನ್ನು ಕತ್ತರಿಸಿ ಅನಂತಪುರ ಜಿಲ್ಲೆ ಮಾಡಿದರು. 2021ರಲ್ಲಿ ಹೊಸಪೇಟೆಯನ್ನು ಕತ್ತರಿಸಿ ವಿಜಯನಗರ ಜಿಲ್ಲೆ ಮಾಡಿದಾಗ ನಮ್ಮೂರಲ್ಲಿ ಎಷ್ಟು ಗಲಾಟೆ ಆಯ್ತು ನೆನಪಿದೆಯಲ್ಲ? "ಹಂಪಿ ಇಲ್ಲದ ಬಳ್ಳಾರಿ ಎಂಥಾ ಬಳ್ಳಾರಿ" ಅಂತ ನಮ್ಮ ದೊಡ್ಡಪ್ಪ ಟೀವಿ ಮುಂದೆ ಕೂತು ಕೂಗಾಡಿದ್ರು. ಹಂಪಿ ಈಗಲೂ ನಮ್ಮದು ಅಂತ ಎದೆ ತಟ್ಟಿ ಹೇಳುತ್ತೇವೆ. ಸರಿ. ಹಾಗಾದರೆ ಗುತ್ತಿ ಯಾವತ್ತಿನಿಂದ ಬೇರೆಯವರದ್ದಾಯಿತು? 1882ರಿಂದಲೋ, 1953ರಿಂದಲೋ, ಅಥವಾ ನಮ್ಮ ಶಾಲೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಬಣ್ಣ ಬದಲಾದ ದಿನದಿಂದಲೋ?

ಈಗ ಮುಖ್ಯ ಸಂಗತಿ. ನಾನು ಊರಿಗೆ ಹೋಗೋದು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ. ರಾತ್ರಿ ಬೆಂಗಳೂರು ಬಿಟ್ಟರೆ ಬೆಳಗಿನ ಜಾವಕ್ಕೆ ಗುತ್ತಿ, ಗುಂತಕಲ್ಲು, ಆಮೇಲೆ ಬಳ್ಳಾರಿ. ಗುಂತಕಲ್ಲಿನಿಂದ ಬಳ್ಳಾರಿಗೆ ಸುಮಾರು ಐವತ್ತು ಕಿಲೋಮೀಟರ್. ಟೀ ಮಾರುವವನ ಕೂಗಿಗೆ ಅರ್ಧ ಎಚ್ಚರವಾಗಿ, ಗುಂತಕಲ್ಲು ಬಂತು, ಇನ್ನೊಂದು ನಿದ್ದೆ ಮಾಡಬಹುದು ಅಂತ ಮಗ್ಗುಲು ಬದಲಿಸಿದ್ದು ನೂರಾರು ಸಲ. ಆ ಊರಿನ ಹೆಸರಿಗೆ ನನ್ನ ಮಟ್ಟಿಗೆ ಇದ್ದ ಅರ್ಥ ಅಷ್ಟೇ.

1893ರ ಅಕ್ಟೋಬರ್ 4ರಂದು ಅದೇ ಗುಂತಕಲ್ಲಿನ ಹತ್ತಿರ ಇಬ್ಬರು ಹೆಂಗಸರ ಬೆನ್ನು ಹತ್ತಿ ಗೋರಾ ಸಿಪಾಯಿಗಳು ಬಂದರು. ಹೆಂಗಸರು ರೈಲ್ವೆ ಗೇಟಿನ ಕಡೆ ಓಡಿದರು. ಅಲ್ಲಿದ್ದ ಗೇಟ್‌ಕೀಪರ್ ಅವರನ್ನು ತನ್ನ ಗೇಟ್ ಮನೆಯೊಳಗೆ ಸೇರಿಸಿ ತಾನು ಅಡ್ಡ ನಿಂತ. ಸಿಪಾಯಿ ಗುಂಡು ಹಾರಿಸಿದ. ಮರುದಿನ ಗೇಟ್‌ಕೀಪರ್ ಸತ್ತ. ಅವನ ಹೆಸರು ಹಂಪಣ್ಣ, ಗೂಳಪಾಳ್ಯದ ಹಂಪಣ್ಣ.

ಹಂಪಣ್ಣ! ಹೇಳಿ, ಇದಕ್ಕಿಂತ ಬಳ್ಳಾರಿಯ ಹೆಸರು ಇನ್ನೊಂದಿದೆಯಾ? ನಮ್ಮ ಓಣಿಯಲ್ಲಿ ಕಲ್ಲೆಸೆದರೆ ಒಬ್ಬ ಹಂಪಣ್ಣನಿಗೋ ಹಂಪಮ್ಮನಿಗೋ ಬೀಳುತ್ತೆ. ಅವನ ಮನೆಮಾತು ಯಾವುದಿತ್ತು ಅಂತ ವಿಚಾರಿಸೋಕೆ ನಾನು ಹೋಗಿಲ್ಲ, ಹೋಗೋದೂ ಇಲ್ಲ. ಆ ಇಬ್ಬರು ಹೆಂಗಸರು ಬಾಗಿಲು ಬಡಿದಾಗ ಅವನೂ ವಿಚಾರಿಸಿರಲಿಕ್ಕಿಲ್ಲ.

ಗುಂಡು ಹಾರಿಸಿದ ಆರೋಪ ಹೊತ್ತ ಸಿಪಾಯಿಯ ವಿಚಾರಣೆ ಮದ್ರಾಸ್ ಹೈಕೋರ್ಟಿನಲ್ಲಿ ನಡೆಯಿತು. ಬಿಡುಗಡೆಯಾಯಿತು. ಬಿಳಿಯನ ಮೇಲೆ ಕೇಸಾದರೆ ಬಿಳಿಯರೇ ಜ್ಯೂರಿಯಲ್ಲಿ ಕೂರುವ ಕಾಲ, ಬೇರೇನು ಆದೀತು. ಅಲ್ಲಿಗೆ ಮುಗಿಯಬೇಕಿತ್ತು. ರೈಲ್ವೆ ಗೇಟ್‌ಕೀಪರ್ ಒಬ್ಬ ಸತ್ತರೆ ಯಾವ ಕಡತದಲ್ಲಿ ಎಷ್ಟು ಸಾಲು? ಮುಗಿಯದ ಹಾಗೆ ನೋಡಿಕೊಂಡವರು ಕೇಶವ ಪಿಳ್ಳೆ. ಪತ್ರಿಕೆಗೆ ಬರೆದರು, ಕೇಸಿನ ಬೆನ್ನು ಹತ್ತಿದರು, ಜನರಿಂದ ಚಂದಾ ಎತ್ತಿಸಿ ಹಂಪಣ್ಣನ ಹೆಸರಿನಲ್ಲಿ ಗುತ್ತಿಯಲ್ಲಿ ಒಂದು ಸ್ಮಾರಕ ನಿಲ್ಲಿಸುವುದರಲ್ಲಿ ಮುಂದಾದರು. ಆ ಕಲ್ಲಿನ ಮೇಲೆ ಹೆಂಗಸರನ್ನು ಐರೋಪ್ಯ ಸಿಪಾಯಿಗಳಿಂದ ಕಾಪಾಡುವಾಗ ಸತ್ತ ಅಂತಲೇ ಕೊರೆಸಿದ್ದಾರೆ. ಯೋಚನೆ ಮಾಡಿ. ಕೋರ್ಟು ಬಿಟ್ಟ ಕೇಸು. ಬಳ್ಳಾರಿ ಕಂಟೋನ್ಮೆಂಟಿನ ತುಂಬ ಅದೇ ದೊರೆಗಳ ಪಲ್ಟನ್. ಅಂಥ ಕಾಲದಲ್ಲಿ ಒಬ್ಬ ಮೊಫಸಿಲ್ ವಕೀಲ, ಸನ್ನದು ಸರ್ಕಾರದ ಕೈಯಲ್ಲಿ ಇರುವವನು, ಕೋರ್ಟು ಹೇಳದ್ದನ್ನು ಕಲ್ಲಿನಲ್ಲಿ ಹೇಳಿಸುತ್ತಾನೆ.

ಇದನ್ನು ನಾನು ತಿಳಿದದ್ದು ಯಾವ ಕನ್ನಡ ಪಠ್ಯದಿಂದಲೂ ಅಲ್ಲ. ಅಡ್ಡದಾರಿಯಲ್ಲಿ, ಅಮೆರಿಕದ ಮೂಲಕ ಬಂದೆ. ಹೇಳಿದರೆ ನಗ್ತೀರಿ. ನಮ್ಮ ಕ್ಲೈಂಟ್ ದಕ್ಷಿಣ ಕೆರೊಲಿನಾದವರು. ಕಾಲ್ ಶುರುವಾಗೋ ಮುಂಚೆ ಹವಾಮಾನ ಬಿಟ್ಟು ಬೇರೇನಾದರೂ ಮಾತಾಡೋಣ ಅಂತ ಅವರ ರಾಜ್ಯದ ಬಗ್ಗೆ ಓದ್ತಾ ರಾಬರ್ಟ್ ಸ್ಮಾಲ್ಸ್ ಸಿಕ್ಕ. 1839ರಲ್ಲಿ ಬ್ಯೂಫರ್ಟ್ ಊರಿನಲ್ಲಿ ಗುಲಾಮಳ ಮಗನಾಗಿ ಹುಟ್ಟಿದವನು. 1862ರ ಮೇ 13ರ ನಸುಕಿನಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ‘ಪ್ಲಾಂಟರ್’ ಅನ್ನೋ ಹಡಗನ್ನೇ ಹಾರಿಸಿಕೊಂಡು ಹೋದ. ಕ್ಯಾಪ್ಟನ್ನನ ಟೋಪಿ ತಾನು ಹಾಕಿಕೊಂಡು, ಕೋಟೆಗಳ ಮುಂದೆ ಸರಿಯಾದ ಸೀಟಿ ಸನ್ನೆ ಕೊಡುತ್ತಾ, ಹೆಂಡತಿ ಮಕ್ಕಳ ಸಮೇತ. ಯುದ್ಧ ಮುಗಿದ ಮೇಲೆ 1868ರಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯೋಕೆ ಕೂತವರಲ್ಲಿ ಒಬ್ಬ, ಎಲ್ಲ ಮಕ್ಕಳಿಗೂ ಪುಕ್ಕಟೆ ಶಾಲೆ ಬೇಕು ಅಂತ ಹಟ ಹಿಡಿದವನು. ಅದೇ ವರ್ಷ ರಾಜ್ಯದ ಶಾಸಕ, 1870ರಲ್ಲಿ ಸೆನೆಟರ್, ಆಮೇಲೆ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ. 1876ರ ಜುಲೈನಲ್ಲಿ ಹ್ಯಾಂಬರ್ಗ್ ಅನ್ನೋ ಊರಿನಲ್ಲಿ ಬಿಳಿಯರ ಗುಂಪು ಕಪ್ಪು ಜನರನ್ನು ಹಿಡಿದು ಕೊಂದಾಗ, ಕಣ್ಣಾರೆ ಕಂಡವನೊಬ್ಬನ ಪತ್ರವನ್ನು ಆತ ಕಾಂಗ್ರೆಸ್ಸಿನಲ್ಲಿ ಓದಿದ. ಶಿಕ್ಷೆ ಯಾರಿಗೂ ಆಗಲಿಲ್ಲ. ಪತ್ರ ದಾಖಲೆಯಲ್ಲಿ ಉಳಿಯಿತು.

ಆತನ ಮೇಲೆ ಲಂಚದ ಆರೋಪ ಬಂತು, 1877ರಲ್ಲಿ ಶಿಕ್ಷೆಯಾಯಿತು, 1879ರಲ್ಲಿ ಕ್ಷಮಾದಾನ ಸಿಕ್ಕಿತು. ಅದನ್ನೂ ಅವರು ಮುಚ್ಚಿಟ್ಟಿಲ್ಲ, ಬರೆದಿಟ್ಟಿದ್ದಾರೆ. 1895ರಲ್ಲಿ ಕಪ್ಪು ಜನರ ಮತದ ಹಕ್ಕು ಕಿತ್ತುಕೊಳ್ಳುವ ಸಂವಿಧಾನ ಬಂದಾಗ ಸಹಿ ಹಾಕಲ್ಲ ಅಂತ ಎದ್ದು ಬಂದದ್ದನ್ನೂ ಬರೆದಿಟ್ಟಿದ್ದಾರೆ. 2023ರಲ್ಲಿ ಅಮೆರಿಕದ ನೌಕಾಪಡೆ ತನ್ನ ಒಂದು ಯುದ್ಧನೌಕೆಗೆ ಇದ್ದ ಹಳೇ ಹೆಸರು ತೆಗೆದು ಇವನ ಹೆಸರಿಟ್ಟಿತು. ಆ ಹಳೇ ಹೆಸರು ಗುಲಾಮಗಿರಿಯ ಪರ ಕಾದಾಡಿದ ದಕ್ಷಿಣದವರು ಗೆದ್ದ ಒಂದು ಯುದ್ಧದ್ದು.

ಸ್ಮಾಲ್ಸ್ ದೊಡ್ಡ ಹೆಸರು, ಬಿಡಿ. ನನಗೆ ಹೊಟ್ಟೆ ಉರಿದದ್ದು ಸಣ್ಣ ಹೆಸರುಗಳನ್ನು ನೋಡಿ. ಟೆಕ್ಸಾಸ್‌ನವರು 1846ರಿಂದ ಇವತ್ತಿನವರೆಗೆ ತಮ್ಮ ಶಾಸನ ಸಭೆಯಲ್ಲಿ ಕೂತ ಒಬ್ಬೊಬ್ಬರನ್ನೂ ಹುಡುಕಿ ನೋಡೋ ಹಾಗೆ ಇಟ್ಟಿದ್ದಾರೆ. ಮಿನ್ನೆಸೋಟಾದವರದ್ದೂ ಹಾಗೇ ಇದೆ. ಒಂದೇ ಅವಧಿ ಕೂತು, ಬಾಯಿ ಬಿಡದೆ ಎದ್ದು ಹೋದವನೂ ಅಲ್ಲಿ ಇದ್ದಾನೆ. ಅವನು ಜರ್ಮನಿಯಲ್ಲಿ ಹುಟ್ಟಿದ್ದರೆ ಜರ್ಮನಿ ಅಂತ, ನಾರ್ವೆಯಲ್ಲಿ ಹುಟ್ಟಿದ್ದರೆ ನಾರ್ವೆ ಅಂತ ಬರೆದಿದ್ದಾರೆ. "ಅವನು ನಮ್ಮವನಾ?" ಅಂತ ಕೇಳಿ ಸಾಲು ಅಳಿಸಿಲ್ಲ. ನಾನು ಇದನ್ನೆಲ್ಲ ನೋಡಿ, ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಬಳ್ಳಾರಿ ಸೀಮೆಯಿಂದ ಮದ್ರಾಸಿನಲ್ಲಿ ದನಿ ಎತ್ತಿದವರು ಯಾರಿದ್ದರು ಅಂತ ಹುಡುಕಿದೆ. ಕನ್ನಡದಲ್ಲಿ ನನಗೆ ಸಿಕ್ಕಿದ್ದು ಗಣಿ, ಗಣಿ, ಮತ್ತೂ ಗಣಿ.

ಇಲ್ಲಿ ನನ್ನ ಪಕ್ಷದ ದೌರ್ಬಲ್ಯ ನಾನೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನೀವು ಹೇಳ್ತೀರಿ. ಸ್ಮಾಲ್ಸ್‌ನನ್ನು ಆರಿಸಿದ್ದು ನಿನ್ನೆ ಮೊನ್ನೆವರೆಗೆ ಗುಲಾಮರಾಗಿದ್ದ ಜನ, ಮತ ಹಾಕಿ ಆರಿಸಿದರು. ನಮ್ಮಲ್ಲಿ ಆಗ ಏನಿತ್ತು? 1861ರ ಕಾಯ್ದೆಯಂತೆ ಗವರ್ನರ್ ತನಗೆ ಬೇಕಾದ ನಾಲ್ಕು ಜನರನ್ನು ಕರೆದು ಕೂರಿಸಿಕೊಳ್ಳುತ್ತಿದ್ದ. ಅವರಿಗೆ ಪ್ರಶ್ನೆ ಕೇಳುವ ಹಕ್ಕೂ ಇರಲಿಲ್ಲ, ಬಜೆಟ್ ಬಗ್ಗೆ ಮಾತಾಡುವ ಹಕ್ಕೂ ಇರಲಿಲ್ಲ. ಅದು ಬಂದದ್ದು 1892ರಲ್ಲಿ. ನಡುವೆ ಏನಾಯಿತು ನೋಡಿ. ಅಮೆರಿಕದ ಯುದ್ಧದಲ್ಲಿ ಚಾರ್ಲ್ಸ್‌ಟನ್ನಿನಂಥ ಬಂದರುಗಳು ಮುಚ್ಚಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗದೆ ನಿಂತಾಗ ನಮ್ಮ ಎರೆಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತು ವರ್ಷಕ್ಕೆ 1876-78ರ ಬರ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು, ಸಾಕು ಅಂತ ಸರ್ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. 1871ರ ಜನಗಣತಿಗೂ 1881ರದ್ದಕ್ಕೂ ಹೋಲಿಸಿದರೆ ಬಳ್ಳಾರಿ ಜಿಲ್ಲೆಯ ಜನ ಸುಮಾರು ಐದರಲ್ಲೊಂದು ಪಾಲು ಕಮ್ಮಿ. ಮದ್ರಾಸಿನ ಕೌನ್ಸಿಲ್ಲಿನಲ್ಲಿ ಎದ್ದು "ಇದ್ಯಾಕೆ ಹೀಗೆ?" ಅಂತ ಕೇಳುವ ಹಕ್ಕು ಒಬ್ಬನಿಗೂ ಇರಲಿಲ್ಲ.

ಕೇಶವ ಪಿಳ್ಳೆ ಆ ಕೌನ್ಸಿಲ್ಲಿಗೆ ಕಾಲಿಟ್ಟದ್ದು ಮಿಂಟೋ-ಮಾರ್ಲೆ ಸುಧಾರಣೆ ಬಂದ 1909ರ ಸುಮಾರಿಗೆ, ಹತ್ತಿರ ಹತ್ತಿರ ಐವತ್ತನೇ ವಯಸ್ಸಿಗೆ. ಅದೂ ಜನರ ಓಟಿನಿಂದ ಅಲ್ಲ. ಆಮೇಲೆ 1920ರ ಚುನಾವಣೆಯಲ್ಲೂ ಓಟು ಇದ್ದದ್ದು ಆಸ್ತಿ ಇದ್ದವರಿಗೆ. ಹೊಸ ಕೌನ್ಸಿಲ್ಲಿನಲ್ಲಿ ಅವರು ಉಪಾಧ್ಯಕ್ಷರಾದರು. ಸರ್ಕಾರ ಕೊಟ್ಟ ದಿವಾನ್ ಬಹಾದ್ದೂರ್ ಬಿರುದನ್ನು ಇಟ್ಟುಕೊಂಡರು. 1917ರಲ್ಲಿ ಬ್ರಾಹ್ಮಣೇತರರು ಕಾಂಗ್ರೆಸ್ಸಿನ ಒಳಗೇ ಇದ್ದು ತಮ್ಮ ಪಾಲು ಕೇಳಬೇಕು ಅಂತ ಮದ್ರಾಸ್ ಪ್ರೆಸಿಡೆನ್ಸಿ ಅಸೋಸಿಯೇಷನ್ ಶುರುವಾದಾಗ ಅದಕ್ಕೆ ಅಧ್ಯಕ್ಷರಾದರು. ಜಸ್ಟಿಸ್ ಪಕ್ಷದವರಿಗೂ ಅವರ ಮೇಲೆ ಸಿಟ್ಟು, ಮುಂದೆ ಬಂದ ಗಾಂಧಿಯವರ ಕಡೆಯವರಿಗೂ ಅವರು ಹಳೇ ಕಾಲದವರು. ಪಟ ಹಾಕಿ ಹಾರ ಹಾಕುವಂಥ ಸಂತ ಅಲ್ಲ. ನಾನು ಹಾರ ಕೇಳುತ್ತಲೂ ಇಲ್ಲ. ಒಂದು ಪುಟ ಕೇಳುತ್ತಿದ್ದೇನೆ.

ಅವರ ಬದುಕಿನ ಇನ್ನೊಂದು ಅಧ್ಯಾಯ ನನಗೆ ತುಂಬ ಹಿಡಿಸಿದ್ದು. 1922ರಲ್ಲಿ, ಅರವತ್ತು ದಾಟಿದ ಮೇಲೆ, ಹಡಗು ಹತ್ತಿ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ಹೋದರು. ಗುಲಾಮಗಿರಿ ನಿಂತ ಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ 1838ರಿಂದ ನಮ್ಮ ದೇಶದ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸುತ್ತಿದ್ದರು. 1917ರಲ್ಲಿ ಅದು ನಿಂತಿತು. ತೋಟದವರಿಗೆ ಮತ್ತೆ ಜನ ಬೇಕಿತ್ತು. ಕಳಿಸಬಹುದೇ ಅಂತ ನೋಡಿ ಬರೋಕೆ ಹೋದವರು ಮೂರು ಜನ: ಪಿಳ್ಳೆ, ವೆಂಕಟೇಶ ನಾರಾಯಣ ತಿವಾರಿ, ಕೀಟಿಂಗ್ ಅನ್ನೋ ಇಂಗ್ಲಿಷ್ ಅಧಿಕಾರಿ. ಕೀಟಿಂಗ್ ತನ್ನದೇ ಬೇರೆ ವರದಿ ಬರೆದ. ಪಿಳ್ಳೆ ಮತ್ತು ತಿವಾರಿ ಕೂಲಿ ಲೈನುಗಳ ಮನೆಗಳು, ನಿಂತ ನೀರು, ಸಾಲದ ಕೂಲಿ, ಎಲ್ಲ ಬರೆದು, ಮೊದಲು ಅಲ್ಲಿರುವವರ ಪಾಡು ನೋಡಿ ಅಂದರು. ಆ ತೋಟಗಳಲ್ಲಿದ್ದ ಭೋಜಪುರಿ ಮಾತಿನವರನ್ನು ಕಂಡು, ಗುತ್ತಿಯ ವಕೀಲ "ಇವರು ನಮ್ಮವರಾ?" ಅಂತ ಕೇಳಿ ವಾಪಸು ಬಂದಿದ್ದರೆ?

ಈಗ ಆ ಹಿರಿಯರ ಪ್ರಶ್ನೆಗೆ ನೇರವಾಗಿ. ಸರ್, ಮಾಸ್ತಿ, ಕೈಲಾಸಂ ಅವರ ಮನೆಮಾತು ತಮಿಳು, ಬೇಂದ್ರೆಯವರದ್ದು ಮರಾಠಿ. "ಅವರು ಕನ್ನಡದಲ್ಲಿ ಬರೆದರಲ್ಲ" ಅಂತೀರಿ. ಒಪ್ಪಿದೆ. ಹಾಗಾದರೆ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರಕರರ ಮಾತೇನು? ಮುಂಬಯಿಯಲ್ಲಿ ವಕೀಲರಾದರು, ಅಲ್ಲೇ ಜಡ್ಜ್ ಆದರು, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು, 1921ರಲ್ಲಿ ಮುಂಬಯಿ ಕೌನ್ಸಿಲ್ಲಿನ ಅಧ್ಯಕ್ಷರೂ ಆದರು. ಅವರನ್ನು ಕರ್ನಾಟಕದ ಹಿರಿಯರ ಪಟ್ಟಿಯಲ್ಲಿ ಸೇರಿಸುವಾಗ ಯಾರೂ ಲೋಟ ಕೆಳಗಿಡುವುದಿಲ್ಲ. ಸೇರಿಸಬೇಕು ಕೂಡ. ಅಂದರೆ ಇಲ್ಲಿ ಹುಟ್ಟಿ ಬೇರೆ ಕಡೆ ಬಾಳಿದವರು ನಮ್ಮವರು. ಬೇರೆ ಮನೆಮಾತಿನಿಂದ ಬಂದು ನಮ್ಮ ಸೀಮೆಯ ಕಷ್ಟಕ್ಕೆ ನಿಂತವರು ನಮ್ಮವರಲ್ಲ. ಇದು ಯಾವ ಲಾಜಿಕ್ಕು? ನನ್ನ ಕೋಡಿನಲ್ಲಿ ಇಂಥ ಕಂಡೀಷನ್ ಬರೆದರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತಾರೆ.

ಬಳ್ಳಾರಿ ಕನ್ನಡದ್ದು ಅಂತ ಹೋರಾಡಿ ಪಡೆದ ಊರು, ಅದು ನನಗೆ ಗೊತ್ತು. 1926ರಲ್ಲಿ, 1938ರಲ್ಲಿ ಸಾಹಿತ್ಯ ಸಮ್ಮೇಳನಗಳು ಅಲ್ಲಿ ನಡೆದದ್ದು ಸುಮ್ಮನೆ ಅಲ್ಲ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಚೆ ಉಳಿದವು. ಆ ಸಂಭ್ರಮದ ಹೊತ್ತಿನಲ್ಲೇ ಆಸಿಡ್ ಬಲ್ಬ್ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟವನು ಪಿಂಜಾರ ರಂಜಾನ್ ಸಾಬ್. ಏಕೀಕರಣದ ಹುತಾತ್ಮ ಅಂತ ಅವನನ್ನು ನೆನೆಯುತ್ತೇವೆ, ಮನೆಯಲ್ಲಿ ಯಾವ ಮಾತಾಡುತ್ತಿದ್ದ ಅಂತ ಕೇಳದೆ ನೆನೆಯುತ್ತೇವೆ. ಅಷ್ಟು ದೊಡ್ಡ ಮನಸ್ಸು ನವೆಂಬರ್ ಒಂದರಂದು ಇರುತ್ತೆ. ಮಿಕ್ಕ ದಿನ ಗುಂತಕಲ್ಲಿನ ಗೇಟಿನ ಹತ್ತಿರ ಬಂದರೆ ಎಲ್ಲಿ ಹೋಗುತ್ತೆ?

ಗಡಿ ಎಳೆದವರು ತಾಲ್ಲೂಕು ಎಣಿಸಿ ಎಳೆದರು, ಅದು ಅವರ ಕೆಲಸ. ಆ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ 1893ರ ಮೇಲೆ ಹಾಕುವ ಕೆಲಸ ಮಾಡುತ್ತಿರೋದು ನಾವು. ಆ ಕಡೆಯವರು ಹಂಪಣ್ಣನನ್ನು ಪೂರ್ತಿ ತೆಲುಗಿನವನು ಅಂತ ಬರೆದುಕೊಂಡರೆ ನಮಗೆ ಬೇಜಾರಾಗೋ ಹಕ್ಕಿಲ್ಲ, ನಾವು ಬರೆಯಲೇ ಇಲ್ಲವಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಕೆಲಸ ಮಾಡುವವರು ನಿಮ್ಮಲ್ಲಿ ನಾಲ್ಕೈದು ಜನ ಇದ್ದೀರಿ. ಕೇಶವ ಪಿಳ್ಳೆ ಪುಟಕ್ಕೆ ನಾನು ಕರಡು ಮಾಡುತ್ತೇನೆ, ತಪ್ಪಿದ್ದರೆ ತಿದ್ದಿ, ಭಾಷೆ ಒರಟಾಗಿದ್ದರೆ ನಯ ಮಾಡಿ. ಸಾಧ್ಯವಾದರೆ ನಿಮ್ಮ ನಿಮ್ಮ ಊರಿನ ಹಳೇ ಮುನ್ಸಿಪಾಲಿಟಿ ಅಧ್ಯಕ್ಷರು, ಜಿಲ್ಲಾ ಬೋರ್ಡಿನವರು ಯಾರಿದ್ದರು ಅಂತ ನೋಡಿ. ಮುದಲಿಯಾರ್, ರಾವ್, ಸಾಹೇಬ್, ಚೆಟ್ಟಿ ಅಂತ ಹೆಸರು ಬಂದ ಕೂಡಲೇ ಪುಟ ತಿರುವಬೇಡಿ.

ಸರ್, ನೀವು ಇದನ್ನು ಓದ್ತೀರಿ ಅಂತ ಗೊತ್ತು. ಮುಂದಿನ ಶುಕ್ರವಾರ ಊರಿಗೆ ಹೊರಟಿದ್ದೀನಿ, ಈ ಸಲ ಬಳ್ಳಾರಿಗೆ ಅಲ್ಲ, ಗುತ್ತಿಗೆ ಟಿಕೆಟ್. ಅಜ್ಜಿಗೆ ಫೋನ್ ಮಾಡಿ ಒಂದು ದಿನ ತಡ ಅಂತ ಹೇಳಿದೆ. "ಗುತ್ತಿಯಲ್ಲಿ ಯಾರಪ್ಪ ಇದಾರೆ ನಮ್ಮೋರು?" ಅಂದಳು. ಹಂಪಣ್ಣ ಅಂದೆ. "ಯಾವ ಹಂಪಣ್ಣ, ನಮ್ಮ ಹಿಂದಿ ಓಣಿ ಹಂಪಣ್ಣನಾ?" ಅಂತ ಕೇಳಿದಳು. ಪೂರ್ತಿ ಕತೆ ಹೇಳೋ ಹೊತ್ತಿಗೆ ನನ್ನ ಮೀಟಿಂಗ್ ತಪ್ಪಿಹೋಗಿತ್ತು. ಕಲ್ಲಿನ ಫೋಟೋ ಬಂದ ಮೇಲೆ ಹಾಕ್ತೀನಿ.